ಗಾಡಿ ನನ್ನದು, ಲೋಡ್ ಕಂಪನಿಯದು

ದಿವಾ
21 ಜನವರಿ 2024

ಅಪ್ಪನಿಗೆ ಸುಲೋಚನಾಳ ನಮಸ್ಕಾರ.

ನಾನೂ ಅವ್ವನೂ ಆರಾಮಾಗಿದ್ದೇವೆ. ಫೋನಿನಲ್ಲಿ ಮಾತಾಡಿದರೆ ನಿನಗೆ ಕೇಳಿಸುವುದಿಲ್ಲ. ನೀನು ಕೆಲಸ ಮಾಡುವ ಅಕ್ಕಿ ಮಿಲ್ಲಿನವರ ಮೊಬೈಲಿಗೆ ಮೆಸೇಜ್ ಹಾಕಿದರೆ ನಿನಗಿಂತ ಮೊದಲು ಹತ್ತು ಜನ ಓದುತ್ತಾರೆ. ಇದು ಹತ್ತು ಜನ ಓದುವ ಸುದ್ದಿಯಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾನು ಲಾರಿ ಕೊಳ್ಳಬೇಕು ಅಂತಿದ್ದೇನೆ. ಆರು ಚಕ್ರದ್ದು, ಸೆಕೆಂಡ್ ಹ್ಯಾಂಡ್. ವಾಶಿ ಮಾರ್ಕೆಟ್‌ನಿಂದ ಡೊಂಬಿವಲಿ, ಕಲ್ಯಾಣದ ಅಂಗಡಿಗಳಿಗೆ ತರಕಾರಿ ಹಾಕುತ್ತ ಬೇರೆಯವರ ಟೆಂಪೋ ಓಡಿಸಿ ನಾಲ್ಕು ವರ್ಷ ಆಯಿತು. ಟೆಂಪೋ ಮಾಲೀಕ ಒಳ್ಳೆಯವನೇ. ಆದರೆ ಪ್ರತಿ ದಿನ ಬೆಳಿಗ್ಗೆ ಅವನ ಮನೆ ಬಾಗಿಲಲ್ಲಿ ನಿಂತು ಕೀಲಿ ಕೇಳುವಾಗ ನನಗೆ ಇನ್ನೂ ಮೊದಲನೇ ದಿನದ ಹಾಗೇ ಆಗುತ್ತದೆ.

ತಳೋಜಾದಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಕಂಪನಿ ಹೊರಗಿನವರ ಗಾಡಿಗಳನ್ನು ಅಟ್ಯಾಚ್ ಮಾಡಿಕೊಳ್ಳುತ್ತಿದೆ. ಗಾಡಿ ನಮ್ಮದು, ಡೀಸೆಲ್ ನಮ್ಮದು, ಓಡಿಸುವವರೂ ನಾವೇ. ಲೋಡ್ ಅವರು ಕೊಡುತ್ತಾರೆ, ಟ್ರಿಪ್ಪಿನ ಲೆಕ್ಕದಲ್ಲಿ ಬಾಡಿಗೆ. ಎರಡು ವರ್ಷದ ಅಗ್ರಿಮೆಂಟ್. ನನ್ನ ಹೆವಿ ಲೈಸೆನ್ಸ್ ಹೋದ ತಿಂಗಳೇ ಬಂತು. ಡಾಕ್ಟರ ಸರ್ಟಿಫಿಕೇಟಿಗೆ ಹೋದಾಗ ಅವರು ನನ್ನ ಹಿಂದೆ ನಿಂತು ಮೆಲ್ಲಗೆ ಮರಾಠಿಯಲ್ಲಿ ಅಂಕಿ ಹೇಳಿದರು, ನಾನು ತಿರುಗದೆ ಹೇಳಬೇಕಿತ್ತು. ಎಲ್ಲವನ್ನೂ ಸರಿ ಹೇಳಿದೆ. ನಿನ್ನ ಕಾಲದಲ್ಲೂ ಕಿವಿ ಹೀಗೇ ನೋಡುತ್ತಿದ್ದರಾ?

ಅವ್ವನಿಗೆ ಹೇಳಿದೆ. "ನಿಮ್ಮಪ್ಪನ್ನ ಒಂದ್ ಮಾತ್ ಕೇಳು" ಅಂದಳು. ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ನಿನ್ನ ಮಗಳು
ಸುಲೋಚನಾ


ಸಿಂಧನೂರು
9 ಫೆಬ್ರುವರಿ 2024

ಮಗಳು ಸುಲೋಚನಾಳಿಗೆ ಹುಲಗಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಬರೆಯಲು ಕುಳಿತೆ. ಮಿಲ್ಲಿನ ಗೇಟಿನಲ್ಲಿ ಲಾರಿಗಳು ಬರುತ್ತಲೇ ಇರುತ್ತವೆ, ಪೆನ್ನು ಕೆಳಗಿಡಬೇಕಾಗುತ್ತದೆ.

ನನ್ನ ಮಾತು ಕೇಳುವುದಾದರೆ ಬೇಡ. ನಾನು ಮೂವತ್ತೊಂದು ವರ್ಷ ಬೇರೆಯವರ ಗಾಡಿ ಓಡಿಸಿದವನು. ಅದರಲ್ಲಿ ಒಂದು ಸುಖ ಇದೆ. ಸಂಜೆ ಕೀಲಿ ಕೊಟ್ಟು ಕೈ ತೊಳೆದುಕೊಂಡರೆ ಮುಗಿಯಿತು. ಟಯರ್ ಒಡೆಯಲಿ, ಪೊಲೀಸರು ಹಿಡಿಯಲಿ, ಏನೇ ಆಗಲಿ, ಮೇಲೆ ಇನ್ನೊಬ್ಬ ಇರುತ್ತಾನೆ. ಮಾಲೀಕಳೂ ನೀನೇ ಡ್ರೈವರೂ ನೀನೇ ಆದರೆ ಮೇಲೆ ಯಾರೂ ಇರುವುದಿಲ್ಲ. ತಪ್ಪಾದರೆ ತಿರುಗಿ ನೋಡಲು ಯಾರೂ ಇರುವುದಿಲ್ಲ.

ಆದರೂ ನೀನು ತೆಗೆದುಕೊಳ್ಳುತ್ತೀ ಎಂದು ನನಗೆ ಗೊತ್ತು. ಹಾಗಾದರೆ ಇಷ್ಟು ಮಾಡು. ಗಾಡಿ ನೋಡಲು ಬೆಳಿಗ್ಗೆ ಹೋಗು, ಮಾಲೀಕ ಎಂಜಿನ್ ಬಿಸಿ ಮಾಡಿ ಇಡುವುದಕ್ಕೆ ಮೊದಲು. ಸ್ಟಾರ್ಟ್ ಮಾಡಿದಾಗ ಹೊಗೆಯ ಬಣ್ಣ ನೋಡು. ನೀಲಿ ಬಂದರೆ ಮಾತೇ ಆಡದೆ ಎದ್ದು ಬಾ. ಮುಂದಿನ ಎರಡು ಟಯರ್ ಒಳಮೈಯಲ್ಲಿ ಸವೆದಿದೆಯಾ ಅಂತ ಕೈಯಾಡಿಸಿ ನೋಡು. ಹೊಸ ಬಣ್ಣ ಹೊಡೆದ ಗಾಡಿಯ ಅಡಿಯಲ್ಲಿ ಮಲಗಿ ಚಾಸಿ ನೋಡು, ಬೆಸುಗೆ ಹಾಕಿದ್ದು ಅಲ್ಲಿ ಕಾಣುತ್ತದೆ. ಅಗ್ರಿಮೆಂಟ್ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಗೊತ್ತಿದ್ದವರಿಂದ ಪೂರ್ತಿ ಓದಿಸಿಕೊಳ್ಳದೆ ಸಹಿ ಮಾಡಬೇಡ.

ಹಿಂದೆ ತೆಗೆಯುವಾಗ ಪ್ರತಿ ಸಲವೂ ಇಳಿದು ಹಿಂದೆ ಹೋಗಿ ಕಣ್ಣಿಂದ ನೋಡಿ ಬಾ. ನೋಡಿದ ಮೇಲೆ ಹತ್ತು.

ಡಾಕ್ಟರ ವಿಷಯ ಕೇಳಿದ್ದೀ. ಆಗ ಏಜೆಂಟರೇ ತಂದು ಕೊಡುತ್ತಿದ್ದರು.

ಅವ್ವನಿಗೆ ಎಣ್ಣೆ ತಿಕ್ಕು.

ಹುಲಗಪ್ಪ


ದಿವಾ
31 ಮಾರ್ಚ್ 2024

ಅಪ್ಪಾ,

ತೆಗೆದುಕೊಂಡೆ. ನೀಲಿ ಹೊಗೆ ಬಂದ ಎರಡು ಗಾಡಿ ಬಿಟ್ಟು ಮೂರನೆಯದನ್ನು ತೆಗೆದುಕೊಂಡೆ. ಅಡಿಯಲ್ಲಿ ಮಲಗಿ ಚಾಸಿ ನೋಡುವಾಗ ದಲಾಲ ನಕ್ಕ. ಎದ್ದ ಮೇಲೆ ಬೆಲೆ ಇಳಿಸಿದ.

ಕಂಪನಿಯವರು ಎರಡೂ ಬಾಗಿಲ ಮೇಲೆ ಅವರ ಹೆಸರು ಬರೆಸಿದರು. ದೊಡ್ಡ ಹಳದಿ ಅಕ್ಷರ. ನನ್ನ ಹೆಸರಿಗೆ ಡ್ರೈವರ್ ಬಾಗಿಲ ಕೆಳಗೆ ಒಂದು ಗೇಣು ಜಾಗ ಸಿಕ್ಕಿತು. ಪೇಂಟರ್ ಕನ್ನಡ ಬರೆಯಲಾರ. ನಾನು ಕಾಗದದ ಮೇಲೆ ಬರೆದು ಕೊಟ್ಟೆ, ಅವನು ಚಿತ್ರ ಬಿಡಿಸಿದ ಹಾಗೆ ನೋಡಿ ನೋಡಿ ಬರೆದ. ಲೋ ಅಕ್ಷರದ ದೀರ್ಘ ಸ್ವಲ್ಪ ಡೊಂಕಾಗಿದೆ. ಇರಲಿ ಅಂತ ಬಿಟ್ಟೆ.

ಅಗ್ರಿಮೆಂಟನ್ನು ಡೊಂಬಿವಲಿಯ ಅನುಷ್ಕಾ ಓದಿ ಹೇಳಿದಳು. ನನ್ನ ಜೊತೆ ಕನ್ನಡ ಶಾಲೆಯಲ್ಲಿದ್ದ ಉಡುಪಿಯವರ ಹುಡುಗಿ, ಈಗ ವಕೀಲರ ಆಫೀಸಿನಲ್ಲಿದ್ದಾಳೆ. ಒಂದು ಕಡೆ ನಿಲ್ಲಿಸಿ ಎರಡು ಸಲ ಓದಿದಳು. ಲೋಡ್ ಮಾಡುವಾಗ, ಇಳಿಸುವಾಗ, ಯಾರ್ಡಿನೊಳಗೆ ಏನು ಹಾನಿಯಾದರೂ ಅದು ವಾಹನ ಮಾಲೀಕರ ಹೊಣೆ. "ಇದ್ ಸ್ವಲ್ಪ ಜಾಸ್ತಿ ಆಯ್ತು ಮಾರಾಯ್ತಿ" ಅಂದಳು. ಆದರೂ ಸಹಿ ಹಾಕಿದೆ. ಮೇಲೆ ಯಾರೂ ಇರುವುದಿಲ್ಲ ಅಂತ ನೀನು ಬರೆದದ್ದು ಆಗ ನೆನಪಾಯಿತು.

ಮೊದಲ ಲೋಡ್ ಭಿವಂಡಿಗೆ, ಬಣ್ಣದ ಡಬ್ಬಿಗಳು. ಕಂಪನಿಯ ಯಾರ್ಡಿನಲ್ಲಿ ಒಂದೂವರೆ ದಿನ ಕಾದ ಮೇಲೆ ಸಿಕ್ಕಿತು. ಕಾಯುವುದಕ್ಕೆ ಬಾಡಿಗೆ ಇಲ್ಲ. ಅಲ್ಲಿನ ಸೂಪರ್‌ವೈಸರ್ ಸೂರಜ್, ನನಗಿಂತ ಚಿಕ್ಕವನು, ಯಾವ ಗಾಡಿಗೆ ಯಾವ ಲೋಡ್ ಅನ್ನುವುದು ಅವನ ಕೈಯಲ್ಲಿ. ಭಿವಂಡಿಯ ಗೋದಾಮಿನಲ್ಲಿ ನಾನು ಇಳಿದಾಗ ಒಬ್ಬ ಕ್ಯಾಬಿನ್ನಿನೊಳಗೆ ಬಗ್ಗಿ ನೋಡಿ "ಡ್ರೈವರ್ ಕಿಧರ್ ಹೈ?" ಅಂದ. ಡ್ರೈವರೇ ಕೇಳುತ್ತಿದ್ದಾಳೆ, ಸರಕಿನ ಬಿಲ್ಟಿಗೆ ಸಹಿ ಹಾಕು ಅಂದೆ.

ವಾಪಸ್ ಬರುವಾಗ ಖಾಲಿ ಗಾಡಿ, ಕಲ್ಯಾಣ್-ಶೀಲ್ ರಸ್ತೆ. ಮಧ್ಯಾಹ್ನದ ಬಿಸಿಲು. ಯಾರ ಕೀಲಿಯನ್ನೂ ಯಾರಿಗೂ ಕೊಡಬೇಕಾಗಿಲ್ಲ ಅನ್ನಿಸಿ ಒಂದು ಕಡೆ ಗಾಡಿ ನಿಲ್ಲಿಸಿ ಸುಮ್ಮನೆ ಕುಳಿತೆ. ಖುಷಿಯೋ ಹೆದರಿಕೆಯೋ ಹೇಳಲಾರೆ.

ಯಾರ್ಡಿನ ಗೇಟಿನಲ್ಲಿ ಟೋಕನ್ ಕೊಡುವವರು ಯಾರು ಗೊತ್ತೇ? ಭೀಮು ಕಾಕಾ. ನಿನ್ನ ಗಾಡಿಯಲ್ಲಿ ಒಂಬತ್ತು ವರ್ಷ ಕ್ಲೀನರ್ ಆಗಿದ್ದ ನಮ್ಮ ಭೀಮು ಕಾಕಾ. ಎಡಗಾಲು ಈಗ ಪ್ಲಾಸ್ಟಿಕ್ಕಿನದು. ನಾನು ಹುಲಗಪ್ಪನ ಮಗಳು ಅಂದೆ. ಗಾಡಿ ನಂಬರ್ ಬರೆದುಕೊಂಡು ಟೋಕನ್ ಕೊಟ್ಟರು, ಅಷ್ಟೇ.

ಸುಲೋಚನಾ


ಸಿಂಧನೂರು
20 ಏಪ್ರಿಲ್ 2024

ಸುಲೋಚನಾಳಿಗೆ ಆಶೀರ್ವಾದ.

ಗಾಡಿ ತೆಗೆದುಕೊಂಡದ್ದು ಸಂತೋಷ. ಬಿಸಿಲು ಜಾಸ್ತಿ, ಟಯರಿಗೆ ಗಾಳಿ ಸ್ವಲ್ಪ ಕಡಿಮೆ ಇರಲಿ ಅಂತ ಹೇಳುವವರು ಇರುತ್ತಾರೆ, ಕೇಳಬೇಡ. ಮಳೆಗೆ ಮೊದಲು ಬ್ರೇಕ್ ಲೈನರ್ ಬದಲಿಸು. ವೈಪರ್ ರಬ್ಬರ್ ಹೊಸದು ಹಾಕು. ಒಂದು ಬೆಡ್‌ಶೀಟ್ ಗಾಡಿಯಲ್ಲೇ ಇರಲಿ.

ಇಲ್ಲಿ ಭತ್ತದ ಗಾಡಿಗಳು ದಿನಕ್ಕೆ ಅರವತ್ತು ಬರುತ್ತಿವೆ. ಬೇರೆ ವಿಶೇಷ ಇಲ್ಲ.

ಹುಲಗಪ್ಪ


ದಿವಾ
16 ಜೂನ್ 2024

ಅಪ್ಪಾ,

ಇದನ್ನು ಓದುವಾಗ ಒಬ್ಬನೇ ಇರು.

ಹೋದ ಸೋಮವಾರ ಯಾರ್ಡಿನಲ್ಲಿ ಲೋಡ್ ತುಂಬುವ ಡಾಕಿಗೆ ಗಾಡಿ ಹಿಂದೆ ತೆಗೆಯುತ್ತಿದ್ದೆ. ಹೊಸ ಮಳೆ, ಕನ್ನಡಿಯೆಲ್ಲ ಮಸುಕು. ಟೋಕನ್ ಬರೆಯುವ ಕೆಲಸ ಇಲ್ಲದಾಗ ಭೀಮು ಕಾಕಾ ಹಿಂದೆ ನಿಂತು ಕೈ ತೋರಿಸುತ್ತಾರೆ. ಅವತ್ತೂ ತೋರಿಸುತ್ತಿದ್ದರು. ಅವರು "ನಿಲ್ಸು" ಅಂದದ್ದು ನನಗೆ ಸರಿಯಾಗಿ ಕೇಳಿಸಿತು. ಇನ್ನೂ ಒಂದು ಮೊಳ ಜಾಗ ಇದೆ ಅಂತ ನಾನೇ ಅಂದಾಜು ಮಾಡಿ ಬಿಟ್ಟೆ. ಶಟರಿನ ಕಂಬಕ್ಕೆ ಬಡಿಯಿತು. ಕಂಬ ಬಾಗಿತು, ಶಟರ್ ಕೆಳಗೆ ಬರದ ಹಾಗಾಯಿತು. ಇಳಿದು ನೋಡದೆ ಹಿಂದೆ ತೆಗೆಯಬೇಡ ಅಂತ ನೀನು ಬರೆದಿದ್ದೆ. ಮಳೆ ಅಂತ ಇಳಿಯಲಿಲ್ಲ.

ಸೂರಜ್ ನನ್ನನ್ನು ಒಳಗೆ ಕರೆದ. ಬಾಗಿಲು ಹಾಕಿ ಮೆತ್ತಗೆ ಹೇಳಿದ: "ದೀದೀ, ರಿಪೋರ್ಟ್ ಮೇ ಲಿಖ್ ದೋ, ಭೀಮೂ ನೇ ಹಾಥ್ ನಹೀಂ ದಿಖಾಯಾ. ಬಸ್." ಭೀಮು ಕೈ ತೋರಿಸಲಿಲ್ಲ ಅಂತ ಬರೆದರೆ ಷರತ್ತು ಏನೇ ಇದ್ದರೂ ಹೊಣೆ ಯಾರ್ಡಿನವರದಾಗುತ್ತದೆ, ನನ್ನ ಅಗ್ರಿಮೆಂಟ್ ರದ್ದಾಗದೆ ಉಳಿಯುತ್ತದೆ. ಅವನು ನನಗೆ ಒಳ್ಳೆಯದನ್ನೇ ಮಾಡಲು ಹೊರಟಿದ್ದ. ಭೀಮು ಕೆಲಸ ಹೋಗುವುದಿಲ್ಲವೇ ಅಂದೆ. "ಉಸಕಾ ಪಹಲೇ ಸೇ ಐಸಾ ಹೀ ರೆಕಾರ್ಡ್ ಹೈ" ಅಂದ. ಅವನ ದಾಖಲೆಯೇ ಹಾಗಿದೆಯಂತೆ.

ನಾನು ಯೋಚಿಸಿ ಹೇಳುತ್ತೇನೆ ಅಂದೆ. ನಿನ್ನ ಹತ್ತಿರ ಸುಳ್ಳು ಹೇಳಲಾರೆ ಅಪ್ಪಾ, ಆ ಮಧ್ಯಾಹ್ನವಿಡೀ ನಿಜವಾಗಿಯೂ ಯೋಚಿಸಿದೆ. ಕ್ಯಾಬಿನ್ನಿನಲ್ಲಿ ಕುಳಿತು ಆ ಒಂದು ಸಾಲನ್ನು ಮನಸ್ಸಿನಲ್ಲೇ ಬರೆದೂ ನೋಡಿದೆ. ನಾಲ್ಕು ಗಂಟೆಗೆ ಹೋಗಿ, ಭೀಮು ನಿಲ್ಲಿಸಲು ಹೇಳಿದ್ದರು, ನಾನು ನಿಲ್ಲಿಸಲಿಲ್ಲ ಅಂತ ಬರೆದು ಸಹಿ ಮಾಡಿ ಕೊಟ್ಟೆ. ಸೂರಜ್ ಕಾಗದ ನೋಡಿ, ನನ್ನ ಮುಖ ನೋಡಿ, ಫೈಲಿಗೆ ಹಾಕಿದ.

ಗೇಟಿನಲ್ಲಿ ಭೀಮು ಕಾಕಾ ನನ್ನ ಟೋಕನ್ ತೆಗೆದುಕೊಳ್ಳಲಿಲ್ಲ. ಮಳೆಯಲ್ಲೇ ಹೊರಗೆ ಬಂದರು. ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು.

"ನೀ ಬರದ್ದು ಖರೆ ಏನು? ನಾ ನಿಲ್ಸು ಅಂದೆ ಅಂತ?"

"ಹೌದು ಕಾಕಾ. ನೀವು ಅಂದಿದ್ರಿ."

"ಅವತ್ತೂ ಅಂದಿದ್ನವ್ವಾ. ಗಂಟಲ ಹರಿಯೋ ಹಂಗ ಒದರಿದ್ನಿ. ನಿಮ್ಮಪ್ಪ ನಾ ಬಾಯಿ ಮುಚ್ಕೊಂಡ್ ನಿಂತಿದ್ನಿ ಅಂದ. ಹನ್ನೊಂದು ವರ್ಷ ಆತು, ಮನ್ಯಾಗ ಮರೆಮ್ಮ ಸೈತ ನನ್ನ ಮಾತ ನಂಬಿಲ್ಲ. ಕೈ ಹಿಡದಾಕಿ."

ಹಿಂದೆ ಹಾರ್ನ್ ಹೊಡೆಯುತ್ತಿದ್ದರು. ನಾನು ಗಾಡಿ ತೆಗೆಯಬೇಕಾಯಿತು.

ಅಪ್ಪಾ, ನಮ್ಮ ಮನೆಯಲ್ಲಿ ಆ ಕಥೆ ಬೇರೆಯೇ ಇತ್ತು. ವಾಶಿ ಗೋದಾಮಿನಲ್ಲಿ ಭೀಮು ಸನ್ನೆ ಮಾಡದೆ ಸುಮ್ಮನೆ ನಿಂತಿದ್ದ, ಗಾಡಿಗೂ ಗೋಡೆಗೂ ನಡುವೆ ಕಾಲು ಸಿಕ್ಕಿತು ಅಂತ. ತಪ್ಪು ಅವನದೇ ಅಂತ ನಿನ್ನ ಮಾಲೀಕ ಪರಿಹಾರವನ್ನೂ ಕೊಡಲಿಲ್ಲ.

ನನಗೆ ಇಷ್ಟೇ ಹೇಳು. ಭೀಮು ಕಾಕಾ ಒದರಿದ್ದರೋ ಇಲ್ಲವೋ?

ಸುಲೋಚನಾ


ದಿವಾ
11 ಆಗಸ್ಟ್ 2024

ಅಪ್ಪಾ,

ಎಂಟು ವಾರವಾಯಿತು. ಕಾಗದ ಮುಟ್ಟಿದೆ ಅಂತ ಗೊತ್ತು, ರಿಜಿಸ್ಟರ್ ಮಾಡಿದ್ದೆ.

ಇಲ್ಲಿಯ ಸುದ್ದಿ: ಹದಿನೆಂಟು ದಿನ ನನಗೆ ಲೋಡ್ ಕೊಡಲಿಲ್ಲ. ಬರಬೇಡ ಅಂತಲೂ ಹೇಳಲಿಲ್ಲ. ದಿನಾ ಹೋಗಿ ಸಾಲಿನಲ್ಲಿ ನಿಂತು ಸಂಜೆ ವಾಪಸ್ ಬಂದೆ. ಆಮೇಲೆ ಯಾರೂ ಒಲ್ಲದ ಲೋಡುಗಳು ಬಂದವು, ವಿಠ್ಠಲವಾಡಿ ಸಂದಿಗಳಿಗೆ ಕಬ್ಬಿಣದ ಚೂರು. ಹಿಡಿದೆ. ಕಂಬದ ರಿಪೇರಿಯನ್ನೂ ನಾನೇ ಮಾಡಿಸಿಕೊಟ್ಟೆ. ಈಗ ಸ್ವಲ್ಪ ಸರಿಹೋಗಿದೆ.

ಅವ್ವನನ್ನು ಕೇಳಿದೆ. "ಅವರನ್ನ ಕೇಳು" ಅಂತ ಹೇಳಿ ರೊಟ್ಟಿ ಬಡಿಯತೊಡಗಿದಳು. ಆ ಹೊತ್ತಿನಲ್ಲಿ ನಾಲ್ಕು ರೊಟ್ಟಿ ಯಾರಿಗೂ ಬೇಕಿರಲಿಲ್ಲ.

ಆಮೇಲೆ ನನಗೆ ಒಂದೊಂದೇ ನೆನಪಾಗುತ್ತಿದೆ. ದಿವಾ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ಬರುವಾಗ ಅವ್ವ ನಿನ್ನ ಅಂಗಿ ತೋಳು ಹಿಡಿದು ಹಿಂದೆ ಎಳೆಯುತ್ತಿದ್ದಳು. ನೀನು ಯಾವಾಗಲೂ ನಮ್ಮ ಬಾಯಿಯನ್ನೇ ನೋಡುತ್ತ ಮಾತಾಡುತ್ತಿದ್ದೆ. ಊರಿಗೆ ಹೋದ ಮೇಲೆ ಜ್ವರ ಬಂದು ಕಿವಿ ಹೋಯಿತು ಅಂತ ನೀನು ಬರೆದಿದ್ದೆ. ಅಂಗಿ ಎಳೆಯುತ್ತಿದ್ದದ್ದು ಅದಕ್ಕಿಂತ ಮೊದಲಿನ ಮಾತು. ನಾನಾಗ ಹನ್ನೆರಡನೇ ಕ್ಲಾಸಿನಲ್ಲಿದ್ದೆ.

ಇನ್ನು ನಾನು ಏನೂ ಕೇಳುವುದಿಲ್ಲ.

ಸುಲೋಚನಾ


ಸಿಂಧನೂರು
5 ಸೆಪ್ಟೆಂಬರ್ 2024

ಮಗಳೇ,

ಅವನು ಒದರಿದ್ದ.

ಇಷ್ಟು ಬರೆದು ಮೂರು ದಿನ ಕಾಗದವನ್ನು ತಟ್ಟೆಯ ಕೆಳಗೆ ಇಟ್ಟಿದ್ದೆ. ಈಗ ಉಳಿದದ್ದನ್ನು ಬರೆಯುತ್ತೇನೆ.

ಕಿವಿ ಹೋಗತೊಡಗಿ ಆಗಲೇ ಮೂರು ವರ್ಷವಾಗಿತ್ತು. ಮೊದಲು ಹಕ್ಕಿಗಳು ಹೋದವು. ಆಮೇಲೆ ಹಿಂದಿನಿಂದ ಕರೆಯುವವರು. ಎಂಜಿನ್ನಿನ ದನಿ ಕೇಳದಿದ್ದರೂ ಸ್ಟೀರಿಂಗ್ ಹಿಡಿದ ಕೈಗೆ ತಿಳಿಯುತ್ತಿತ್ತು, ಅದನ್ನೇ ನೆಚ್ಚಿಕೊಂಡೆ. ನಿಮ್ಮವ್ವನಿಗೆ ಗೊತ್ತಿತ್ತು. ಬಿಟ್ಟುಬಿಡಿ ಅಂದಳು. ಬಿಟ್ಟು ಏನು ಮಾಡಲಿ? ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಿವುಡ ಅನ್ನಿಸಿಕೊಳ್ಳಲು ನಾಚಿಕೆಯಾಗುತ್ತಿತ್ತು. ಭೀಮುಗೂ ಹೇಳಲಿಲ್ಲ. ಒಂದೇ ಕ್ಯಾಬಿನ್ನಿನಲ್ಲಿ ಉಂಡು ಮಲಗಿದವನು, ಅವನಿಗೊಂದು ಮಾತು ಹೇಳಿದ್ದರೆ ಅವನು ಬಾಯಿಂದ ಕೂಗುವ ಬದಲು ಕಲ್ಲು ತೆಗೆದು ಗಾಡಿಗೆ ಹೊಡೆಯುತ್ತಿದ್ದ.

ಅವತ್ತು ಕನ್ನಡಿಯಲ್ಲಿ ಅವನ ಮುಖ ಕಂಡಿತು. ಬಾಯಿ ತೆರೆದಿತ್ತು. ಬರಲಿ ಬರಲಿ ಅನ್ನುತ್ತಿದ್ದಾನೆ ಎಂದುಕೊಂಡೆ. ಹಿಂದೆಯೇ ಬಿಟ್ಟೆ. ಆ ತೆರೆದ ಬಾಯಿ ನನಗೆ ಇವತ್ತಿಗೂ ಕಾಣುತ್ತದೆ.

ಮಾಲೀಕ ಬಂದು, "ಕ್ಲೀನರ್ ಕೂಗಲಿಲ್ಲ, ಅಲ್ಲವೇ?" ಎಂದು ಕೇಳಿದ. ಅವನ ತುಟಿ ನೋಡಿ ತಿಳಿದುಕೊಂಡೆ. ತಲೆ ಅಲ್ಲಾಡಿಸಿದೆ, ಇಲ್ಲ ಅಂತ. ನಾನು ಮಾಡಿದ್ದು ಅಷ್ಟೇ, ಒಂದು ಸಲ ತಲೆ ಅಲ್ಲಾಡಿಸಿದ್ದು. ಆಮೇಲೆ ಅದನ್ನು ಬರೆದುಕೊಂಡರು, ನಾನು ಸಹಿ ಹಾಕಿದೆ. ಆಸ್ಪತ್ರೆಗೆ ಒಮ್ಮೆ ಹೋಗಿದ್ದೆ. ಭೀಮು ಮಲಗಿಕೊಂಡೇ ಏನೇನೋ ಹೇಳಿದ, ನಾನು ಅವನ ಬಾಯಿಯ ಕಡೆ ನೋಡಲಿಲ್ಲ. ನೋಡದಿದ್ದರೆ ನನಗೆ ಏನೂ ಕೇಳುವುದಿಲ್ಲವಲ್ಲ. ಆ ತಿಂಗಳೇ ದಿವಾ ಬಿಟ್ಟು ಊರಿಗೆ ಬಂದೆ. ನಿಮ್ಮವ್ವ ಜೊತೆಗೆ ಬರಲಿಲ್ಲ. ಯಾಕೆ ಅಂತ ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಂಬದ ವಿಷಯ ನೀನು ಬರೆದದ್ದನ್ನು ಎಷ್ಟು ಸಲ ಓದಿದ್ದೇನೋ. ಮಧ್ಯಾಹ್ನವಿಡೀ ಯೋಚಿಸಿದೆ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು.

ಇದರ ಜೊತೆ ಇನ್ನೊಂದು ಲಕೋಟೆ ಇದೆ. ಭೀಮುಗೆ ಬರೆದದ್ದು. ಅವನ ಕೈಗೆ ಕೊಡು.

ಹುಲಗಪ್ಪ


ದಿವಾ
22 ಸೆಪ್ಟೆಂಬರ್ 2024

ಅಪ್ಪಾ,

ನಿನ್ನ ಕಾಗದ ಅವ್ವನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದಳು. "ಬರದ್ರಾ" ಅಂದಳು, ಅಷ್ಟೇ.

ಭೀಮು ಕಾಕಾನ ಲಕೋಟೆಯನ್ನು ಒಡೆಯದೆ ವಾಪಸ್ ಕಳಿಸುತ್ತಿದ್ದೇನೆ. ಸಿಟ್ಟಿನಿಂದಲ್ಲ. ಕಂಪನಿಯವರು ಏನು ಹೊರಿಸಿದರೂ ಒಯ್ಯುತ್ತೇನೆ, ಇದನ್ನು ಒಯ್ಯಲಾರೆ. ನೀನೇ ತಂದು ಕೊಡಬೇಕು.

ರಾಯಚೂರಿನಿಂದ ರೈಲು ಹತ್ತಿದರೆ ಕಲ್ಯಾಣದಲ್ಲಿ ಇಳಿ. ನಾನು ಪ್ಲಾಟ್‌ಫಾರ್ಮಿನಲ್ಲೇ ಇರುತ್ತೇನೆ, ಕರೆಯುವುದಿಲ್ಲ, ಎದುರಿಗೆ ಬಂದು ನಿಲ್ಲುತ್ತೇನೆ. ದಸರೆಯ ಗದ್ದಲ ಮುಗಿದ ಮೇಲೆ ಬಾ.

ಸುಲೋಚನಾ


ದಿವಾ
24 ನವೆಂಬರ್ 2024

ಅಪ್ಪಾ,

ನೀನು ಹೋಗಿ ಒಂದು ತಿಂಗಳಾಯಿತು. ಎರಡೇ ದಿನ ಇದ್ದು ಹೋದೆ ಅಂತ ಅವ್ವ ಗೊಣಗುತ್ತಿದ್ದಾಳೆ. ಅವಳು ಗೊಣಗಿದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಅವತ್ತು ಯಾರ್ಡಿನಲ್ಲಿ ನಿನ್ನನ್ನು ನೋಡಿದ ತಕ್ಷಣ ಭೀಮು ಕಾಕಾ ಟೋಕನ್ ಕಿಟಕಿ ಮುಚ್ಚಿಕೊಂಡರು. ನೀನು ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತು, ಕೊನೆಗೆ ಲಕೋಟೆಯನ್ನು ಕಿಟಕಿಯ ಸಂದಿಯಿಂದ ಒಳಗೆ ಸರಿಸಿ ಬಂದೆ. ನೀನು ರೈಲು ಹತ್ತಿದ ಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಅದನ್ನು ಬರೆಯಲು ಅವರ ಒಪ್ಪಿಗೆಗಾಗಿ ಕಾಯುತ್ತಿದ್ದೆ. ನಿನ್ನೆ ಬರಿ ಅಂದರು.

ಗಾಡಿ ನಂಬರ್ ಬರೆಯುವುದು ಬಿಟ್ಟರೆ ಅವರಿಗೆ ಓದುಬರಹ ಬರುವುದಿಲ್ಲ. ಲಕೋಟೆಯನ್ನು ಎಂಟು ದಿನ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರಂತೆ. ಒಂಬತ್ತನೇ ದಿನ ಊಟದ ಹೊತ್ತಿಗೆ ನನ್ನನ್ನು ಕರೆದು ಎಲ್ಲರ ಮುಂದೆ ಓದು ಅಂದರು. ಹಮಾಲರು, ಬೇರೆ ಗಾಡಿಯವರು, ಸೂರಜ್ ಎಲ್ಲರೂ ಇದ್ದರು. ಮೊದಲು ಕನ್ನಡದಲ್ಲಿ ಓದಿದೆ. "ಇವರಿಗೂ ತಿಳಿಲಿ, ಹಿಂದ್ಯಾಗ ಹೇಳು" ಅಂದರು. ಹಿಂದಿಯಲ್ಲಿ ಹೇಳಿದೆ. ಭೀಮು ನಿಲ್ಲಿಸು ಅಂತ ಒದರಿದ್ದ, ನನ್ನ ಕಿವಿ ಕೇಳುತ್ತಿರಲಿಲ್ಲ, ನಾನು ಸುಳ್ಳು ಸಹಿ ಹಾಕಿದೆ ಅಂತ. ನೀನು ಬರೆದದ್ದು ಅರ್ಧ ಪುಟ. ಓದುವಾಗ ಬಹಳ ಉದ್ದ ಅನ್ನಿಸಿತು. ಸೂರಜ್ ತಲೆ ತಗ್ಗಿಸಿ ಡಬ್ಬಿಯಲ್ಲಿ ಚಪಾತಿ ಮುರಿಯುತ್ತಿದ್ದ, ತಿನ್ನುತ್ತಿರಲಿಲ್ಲ.

ಆ ಸಂಜೆ ಭೀಮು ಕಾಕಾ ನನ್ನ ಗಾಡಿ ಹತ್ತಿದರು. ಕೃತಕ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ಇಟ್ಟುಕೊಂಡರು. ಅವರ ಮನೆಯಲ್ಲಿ ಮರೆಮ್ಮ ಕಾಕುವಿಗೆ ಇನ್ನೊಮ್ಮೆ ಓದಿದೆ. ಕಾಕು ಎದ್ದು ಗಂಡನ ಮುಂದೆ ನೀರಿನ ಚೊಂಬು ಇಟ್ಟು, "ನಾ ಸೈತ ನಿನ್ನ ಮಾತ ಕೇಳ್ಲಿಲ್ಲಲ್ಲೋ" ಅಂತ ಅಲ್ಲೇ ಕುಸಿದು ಅತ್ತಳು. ನಾನು ಹೊರಗೆ ಬಂದು ಗಾಡಿಯ ಹತ್ತಿರ ನಿಂತುಕೊಂಡೆ.

ಪರಿಹಾರಕ್ಕೆ ಈಗ ಏನಾದರೂ ದಾರಿ ಇದೆಯಾ ಅಂತ ಅನುಷ್ಕಾಳನ್ನು ಕೇಳಿದೆ. ಮಾಲೀಕ ಸತ್ತಿದ್ದಾನೆ, ಕಂಪನಿ ಮುಚ್ಚಿದೆ, ಬಹಳ ಕಷ್ಟ ಅಂದಳು. ಆದರೂ ಕಾಗದದ ಎರಡು ಪ್ರತಿ ಮಾಡಿಸಿ ಇಟ್ಟಿದ್ದಾಳೆ.

ನಿನ್ನೆ ಭೀಮು ಕಾಕಾ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆಯುತ್ತೇನೆ: "ನಿಮ್ಮಪ್ಪಗ ಬರಿ. ಮಾಫಿ ಗೀಫಿ ಏನಿಲ್ಲ. ಕಿಟಕಿ ಹಾಕ್ಕೊಂಡಿದ್ದು ನಾ ಮಾಡಿದ್ದ ತಪ್ಪು. ಅವಗ ಎದುರಿಗೆ ಕುಂದ್ರಿಸ್ಕೊಂಡು ಬೈಬೇಕಾಗೈತಿ. ಹನ್ನೊಂದು ವರ್ಷದ್ದು ಐತಿ, ಒಂದು ದಿನಕ್ಕ ಮುಗಿಯಂಗಿಲ್ಲ. ಸಂಕ್ರಾಂತಿಗೆ ಬರಾಕ ಹೇಳು. ನನ್ನ ಬಾಯಿ ನೋಡ್ಕೋತ ಕುಂದ್ರಲಿ."

ನೀನು ಬರುವ ದಿನ ಮೊದಲೇ ತಿಳಿಸು. ಅವತ್ತು ಸೂರಜ್ ಯಾವ ಲೋಡ್ ಕೊಟ್ಟರೂ ನಾನು ಹಿಡಿಯುವುದಿಲ್ಲ. ಗಾಡಿ ಅಷ್ಟರಮಟ್ಟಿಗೆ ನನ್ನದು.

ನಿನ್ನ
ಸುಲೋಚನಾ